ಸಂಬಳದ ಕೆಲಸ, ಮನೆಯ ಕೆಲಸ, ಕಥೆಯ ಕೆಲಸ: ಮೂರನ್ನೂ ಹೊಂದಿಸಿಕೊಳ್ಳುವ ಬಗೆ

ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಮನೆಯಲ್ಲಿ ಯಾರೂ "ಅಡಿಕೆ ಕೆಲಸಕ್ಕೆ ಒಂದು ಗಂಟೆ ಬಿಡುವು ಮಾಡಿಕೊಳ್ಳಬೇಕು" ಎನ್ನುವುದಿಲ್ಲ. ಏಕೆಂದರೆ ಅದು ಒಂದು ಕೆಲಸವಲ್ಲ. ಮರದಿಂದ ಅಡಿಕೆ ಗೊನೆ ಕೊಯ್ಯುವುದಕ್ಕೆ ಮಂಜು ಕರಗಿದ ಬೆಳಗು ಬೇಕು. ಸುಲಿಯುವುದು ರಾತ್ರಿ ಊಟವಾದ ಮೇಲೆ, ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಮಾತಾಡುತ್ತ ಸಾಗುತ್ತದೆ. ಬೇಯಿಸುವಾಗ ಹಂಡೆಯ ಬಳಿ ಒಬ್ಬರು ಎಚ್ಚರದಿಂದ ಇರಬೇಕು. ಒಣಗಲು ಬಿಸಿಲು ಸಾಕು, ಆಗಾಗ ಕೈಯಾಡಿಸಿದರಾಯಿತು. ಒಳ್ಳೆಯದು ಕೆಟ್ಟದ್ದು ಬೇರೆ ಮಾಡಿ ಆರಿಸುವುದು ಮಾತ್ರ ಹಗಲು ಬೆಳಕಿನಲ್ಲಿ, ಕಣ್ಣು ನೆಟ್ಟು, ಗಡಿಬಿಡಿಯಿಲ್ಲದೆ ಮಾಡುವಂಥದ್ದು.

ಬರವಣಿಗೆಯೂ ಹೀಗೆಯೇ ಎಂದು ನನಗೆ ತಿಳಿಯಲು ಒಂಬತ್ತು ವರ್ಷ ಬೇಕಾಯಿತು. ನಾನು ಮಲೆನಾಡಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆ. ಮನೆಯಲ್ಲಿ ಅತ್ತೆ, ಗಂಡ, ಏಳನೆಯ ತರಗತಿಯ ಮಗಳು, ಎರಡು ಹಸು, ಎರಡು ಎಕರೆ ತೋಟ. ಕಥೆ ಬರೆಯುವುದು ನನ್ನ ಜೀವದ ಆಸೆ. ಆ ಒಂಬತ್ತು ವರ್ಷವೂ "ಸಮಯ ಸಿಕ್ಕರೆ ಬರೆಯಬಹುದಿತ್ತು" ಎಂದುಕೊಳ್ಳುತ್ತಲೇ ಇದ್ದೆ. ಬರೆದು ಮುಗಿಸಿದ್ದು ಮೂರು ಕಥೆ. ಸಮಯ ಅಂದಿಗಿಂತ ಇಂದು ಹೆಚ್ಚೇನೂ ಸಿಗುತ್ತಿಲ್ಲ. ಆದರೂ ಈಗ ವರ್ಷಕ್ಕೆ ನಾಲ್ಕು ಕಥೆ ಮುಗಿಯುತ್ತವೆ. ಅದು ಹೇಗೆ ಎಂಬುದನ್ನು ನನ್ನಂತೆಯೇ ದುಡಿಯುತ್ತ ಬರೆಯಲು ಹಂಬಲಿಸುವವರಿಗಾಗಿ ಇಲ್ಲಿ ವಿವರಿಸುತ್ತಿದ್ದೇನೆ.

ಹೆಜ್ಜೆ 1: ಒಂದು ವಾರದ ದಿನವಹಿ ಬರೆಯಿರಿ

ವೇಳಾಪಟ್ಟಿ ಮಾಡಲು ಹೊರಡಬೇಡಿ. ಮೊದಲು ಈಗಿರುವ ದಿನ ಹೇಗಿದೆ ಎಂದು ನೋಡಿ. ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಹಾಕಿ: ಹೊತ್ತು, ಮಾಡಿದ ಕೆಲಸ, ಮೈ ಹೇಗಿತ್ತು, ತಲೆ ಹೇಗಿತ್ತು. ಸೋಮವಾರದಿಂದ ಭಾನುವಾರದವರೆಗೆ ಒಂದೂ ದಿನ ಬಿಡದೆ ತುಂಬಿ.

ಕೊನೆಯ ಎರಡು ಕಲಂಗಳೇ ಮುಖ್ಯ. ನನ್ನ ವಹಿಯಲ್ಲಿ ಕಂಡದ್ದು ಇದು. ಬೆಳಗಿನ ಐದರಿಂದ ಹಾಲು ಕರೆಯುವವರೆಗಿನ ಐವತ್ತು ನಿಮಿಷ ಮೈ ಭಾರವಾಗಿರುತ್ತದೆ, ತಲೆ ತಿಳಿಯಾಗಿರುತ್ತದೆ. ಎಂಟೂ ನಲವತ್ತರ ಬಸ್ಸಿನಲ್ಲಿ ತಿರುವುಗಳ ದಾರಿ, ಓದಿದರೆ ತಲೆ ಸುತ್ತುತ್ತದೆ. ಆದರೆ ಕಿವಿ ತೆರೆದಿರುತ್ತದೆ. ಮಧ್ಯಾಹ್ನ ಊಟದ ನಂತರ ಇಪ್ಪತ್ತು ನಿಮಿಷ ಕೌಂಟರ್‌ನಲ್ಲಿ ಜನ ಇರುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಹೊಸ ವಾಕ್ಯ ಒಂದೂ ಹುಟ್ಟುವುದಿಲ್ಲ, ಆದರೆ ಕೈ ಇನ್ನೂ ಕೆಲಸ ಮಾಡಬಲ್ಲದು. ನಾನು ಒಂಬತ್ತು ವರ್ಷ ಕಥೆ ಬರೆಯಲು ಕುಳಿತದ್ದು ಆ ರಾತ್ರಿ ಒಂಬತ್ತರ ಮೇಲೆಯೇ! ಖಾಲಿ ಹಾಳೆ ನೋಡಿ ನೋಡಿ, ನನ್ನಲ್ಲಿ ಕಥೆಯೇ ಇಲ್ಲವೇನೋ ಎಂದು ಅತ್ತದ್ದೂ ಇದೆ. ಕಥೆ ಇತ್ತು. ಹೊತ್ತು ತಪ್ಪಾಗಿತ್ತು.

ನಿಮ್ಮ ವಹಿ ಬೇರೆಯೇ ಹೇಳಬಹುದು. ರಾತ್ರಿ ಪಾಳಿಯ ನರ್ಸ್‌ಗೆ ಮಧ್ಯಾಹ್ನ ಮೂರು ಗಂಟೆಯೇ ತಿಳಿಯಾದ ಹೊತ್ತಾಗಿರಬಹುದು. ಬೇಗ ಏಳುವುದರಲ್ಲಿ ಯಾವ ಪುಣ್ಯವೂ ಇಲ್ಲ. ನಿಮ್ಮ ತಲೆ ಯಾವಾಗ ತಿಳಿಯಾಗಿರುತ್ತದೋ ಆ ಹೊತ್ತನ್ನು ಗುರುತಿಸಿದರೆ ಸಾಕು.

ಹೆಜ್ಜೆ 2: ಬರವಣಿಗೆಯನ್ನು ಬಿಡಿಸಿ ಇಡಿ

ಒಂದು ಕಥೆಯಲ್ಲಿ ಕನಿಷ್ಠ ಐದು ಬಗೆಯ ಕೆಲಸ ಇದೆ. ಹೆಕ್ಕುವುದು, ಮೊದಲ ಕರಡು, ಬೆರಳಚ್ಚು, ತಿದ್ದುವುದು, ಕಳಿಸುವುದು. ಇವನ್ನು ಒಟ್ಟುಗೂಡಿಸಿ 'ಬರೆಯಬೇಕು' ಎಂದುಕೊಂಡಾಗಲೇ ಮನಸ್ಸು ಹಿಂಜರಿಯುತ್ತದೆ.

ಹೆಕ್ಕುವ ಕೆಲಸಕ್ಕೆ ಬಸ್ಸು, ಸಂತೆ, ಆಸ್ಪತ್ರೆಯ ಸಾಲು, ಮದುವೆಮನೆ ಎಲ್ಲವೂ ಆಗುತ್ತವೆ. ನನ್ನ ಪರ್ಸಿನಲ್ಲಿ ಅಂಗೈಯಗಲದ ಒಂದು ಪುಸ್ತಕವಿದೆ. ಕೇಳಿದ ಮಾತನ್ನು ಕೇಳಿದ ಹಾಗೆಯೇ, ಕಂಡದ್ದನ್ನು ಎರಡು ಸಾಲಿನಲ್ಲಿ ಬರೆದುಕೊಳ್ಳುತ್ತೇನೆ. ಕಳೆದ ಮಳೆಗಾಲದ ಒಂದು ನಮೂದು: "ಮುದುಕ, ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಬಂದ. ರಸೀದಿ ನೆನೆಯದಿರಲಿ ಎಂದು ಬಾಯಲ್ಲಿ ಕಚ್ಚಿಕೊಂಡಿದ್ದ." ಇದು ಕಥೆಯಲ್ಲ. ಆದರೆ ಆರು ತಿಂಗಳ ನಂತರ ಒಂದು ಕಥೆ ಆರಂಭವಾದದ್ದು ಆ ಬಾಯಲ್ಲಿದ್ದ ರಸೀದಿಯಿಂದಲೇ.

ಮೊದಲ ಕರಡು ನಿಮ್ಮ ತಿಳಿಯಾದ ಹೊತ್ತಿಗೆ ಮಾತ್ರ ಸಲ್ಲಬೇಕು. ಆ ಹೊತ್ತಿನಲ್ಲಿ ಓದುವುದು, ತಿದ್ದುವುದು, ಮೊಬೈಲ್ ನೋಡುವುದು ಯಾವುದೂ ಬೇಡ. ನಾನು ಕೈಯಲ್ಲೇ ಬರೆಯುತ್ತೇನೆ, ಒಂದು ಬೆಳಗಿಗೆ ಸುಮಾರು ಇನ್ನೂರೈವತ್ತು ಪದ. ಬರವಣಿಗೆ ನಿಲ್ಲಿಸಿ ಏಳುವ ಮೊದಲು ಒಂದು ಚೀಟಿ ಬರೆದು ಪುಟದ ನಡುವೆ ಇಡುತ್ತೇನೆ: "ನಾಳೆ: ಅವಳು ಬಾಗಿಲವರೆಗೆ ಬಂದು ಚೀಲ ಕೆಳಗಿಡುತ್ತಾಳೆ. ಒಳಗೆ ಯಾರಿದ್ದಾರೆ ಎಂದು ಅವಳಿಗೆ ಗೊತ್ತು." ಮರುದಿನ ನಿದ್ದೆಗಣ್ಣಿನಲ್ಲಿ ಎದ್ದು ಬಂದಾಗ ಎಲ್ಲಿಂದ ಶುರು ಮಾಡಲಿ ಎಂಬ ಪ್ರಶ್ನೆಯೇ ಇರುವುದಿಲ್ಲ. ಈ ಚೀಟಿಯಿಂದ ನನಗೆ ಪ್ರತಿದಿನ ಕಾಲು ಗಂಟೆ ಉಳಿಯುತ್ತದೆ. ಐವತ್ತು ನಿಮಿಷದಲ್ಲಿ ಕಾಲು ಗಂಟೆ ಎಂದರೆ ಬಹಳ ದೊಡ್ಡದು.

ಬೆರಳಚ್ಚು ರಾತ್ರಿಯ ಕೆಲಸ. ದಣಿದ ತಲೆಗೂ ಅದು ಸಾಧ್ಯ. ತಿದ್ದುವುದಕ್ಕೆ ಮಾತ್ರ ನಡುವೆ ಕಡಿಯದ ಎರಡು, ಎರಡೂವರೆ ಗಂಟೆ ಬೇಕು. ಅದು ಭಾನುವಾರ ಮಧ್ಯಾಹ್ನಕ್ಕೆ. ಕಳಿಸುವುದು, ವಿಳಾಸ ಹುಡುಕುವುದು, ನಿಯಮ ಓದುವುದು ಊಟದ ನಂತರದ ಇಪ್ಪತ್ತು ನಿಮಿಷಕ್ಕೆ.

ಹೆಜ್ಜೆ 3: ವಾರಕ್ಕೆ ನಾಲ್ಕೇ ದಿನ ಎಂದು ಲೆಕ್ಕ ಹಾಕಿ

"ದಿನವೂ ಬರೆಯುತ್ತೇನೆ" ಎಂಬ ಸಂಕಲ್ಪ ನಮ್ಮಂಥ ಮನೆಗಳಲ್ಲಿ ಹತ್ತನೆಯ ದಿನ ಮುರಿಯುತ್ತದೆ. ನೆಂಟರು ಬರುತ್ತಾರೆ, ಮಗುವಿಗೆ ಜ್ವರ ಬರುತ್ತದೆ, ಊರಿನಲ್ಲಿ ಸಾವಾಗುತ್ತದೆ. ಮುರಿದ ಮೇಲೆ ಬರುವ ಅಪರಾಧ ಭಾವದಿಂದ ಇನ್ನೂ ಹತ್ತು ದಿನ ಹಾಳು. ಆದ್ದರಿಂದ ಮೊದಲೇ ಎರಡು ಮೂರು ದಿನವನ್ನು ಲೋಕಕ್ಕೆ ಬಿಟ್ಟುಕೊಡಿ.

ನನ್ನ ಲೆಕ್ಕ ಹೀಗಿದೆ. ನಾಲ್ಕು ಬೆಳಗು, ತಲಾ ಐವತ್ತು ನಿಮಿಷ: ಇನ್ನೂರು ನಿಮಿಷ. ಮೂರು ರಾತ್ರಿ, ತಲಾ ಅರ್ಧ ಗಂಟೆ: ತೊಂಬತ್ತು. ಭಾನುವಾರ ನೂರೈವತ್ತು. ಒಟ್ಟು 440 ನಿಮಿಷ, ಅಂದರೆ ವಾರಕ್ಕೆ ಏಳು ಗಂಟೆ ಇಪ್ಪತ್ತು ನಿಮಿಷ. ಮೂರು ಸಾವಿರ ಪದಗಳ ಕಥೆಯ ಕರಡಿಗೆ ಹನ್ನೆರಡು ಬೆಳಗು ಬೇಕು, ಅಂದರೆ ಮೂರು ವಾರ. ಬೆರಳಚ್ಚು ಜೊತೆಜೊತೆಗೇ ಆಗುತ್ತದೆ. ಆಮೇಲೆ ಎರಡು ವಾರ ಅದನ್ನು ಮುಟ್ಟದೆ ಇಡುತ್ತೇನೆ, ಅಡಿಕೆ ಒಣಗಲು ಬಿಟ್ಟ ಹಾಗೆ. ನಂತರ ತಿದ್ದಲು ಮೂರು ಭಾನುವಾರ. ಎಂಟು ವಾರಕ್ಕೆ ಒಂದು ಕಥೆ. ವರ್ಷದಲ್ಲಿ ನಾಲ್ಕು ತಿಂಗಳು ಕೈಬಿಟ್ಟು ಹೋದರೂ ನಾಲ್ಕು ಕಥೆ. ಮೂರು ವರ್ಷಕ್ಕೆ ಹನ್ನೆರಡು, ಒಂದು ಸಂಕಲನದಷ್ಟು. ಈ ಲೆಕ್ಕ ಕಾಗದದ ಮೇಲೆ ಬಂದ ದಿನ ನನ್ನೊಳಗಿನ ಒಂದು ದೊಡ್ಡ ಭಯ ಇಳಿಯಿತು.

ಹೆಜ್ಜೆ 4: ನೌಕರಿಯ ವರ್ಷವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ

ಪ್ರತಿ ಉದ್ಯೋಗಕ್ಕೂ ತನ್ನದೇ ಸುಗ್ಗಿ ಇದೆ. ನಮ್ಮ ಸಂಘದಲ್ಲಿ ಮಾರ್ಚ್ ಎಂದರೆ ಬೆಳೆಸಾಲದ ಮರುಪಾವತಿ, ನವೀಕರಣ, ಪಹಣಿ ಹಿಡಿದು ನಿಂತ ಸದಸ್ಯರ ಸಾಲು; ರಾತ್ರಿ ಎಂಟಾದರೂ ದಿನವಹಿ ತಾಳೆಯಾಗುವುದಿಲ್ಲ. ಜೂನ್‌ನಲ್ಲಿ ಗೊಬ್ಬರದ ಗದ್ದಲ, ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಮಹಾಸಭೆ. ಮನೆಯಲ್ಲಿ ಡಿಸೆಂಬರ್ ಬಂದರೆ ಅಡಿಕೆ. ಶಿಕ್ಷಕರಿಗೆ ಮೌಲ್ಯಮಾಪನ, ಲೆಕ್ಕಪರಿಶೋಧಕರ ಕಚೇರಿಯವರಿಗೆ ತೆರಿಗೆಯ ಗಡುವು, ಅಂಗಡಿಯವರಿಗೆ ಹಬ್ಬ. ಈ ತಿಂಗಳುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ಆಗ ಕಥೆಯ ಕರಡನ್ನು ಇಟ್ಟುಕೊಳ್ಳಲೇಬೇಡಿ.

ಆದರೆ ಪೂರ್ತಿ ನಿಲ್ಲಿಸಬೇಡಿ. ನಮ್ಮ ಬಚ್ಚಲ ಒಲೆಯಲ್ಲಿ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಾರೆ. ಬೆಳಿಗ್ಗೆ ಬೂದಿ ಸರಿಸಿ ಎರಡು ಚಕ್ಕೆ ಇಟ್ಟು ಊದಿದರೆ ಬೆಂಕಿ ಏಳುತ್ತದೆ. ಮಾರ್ಚ್‌ನಲ್ಲಿ ನಾನು ಮಾಡುವುದು ಅಷ್ಟೇ. ಪರ್ಸಿನ ಪುಸ್ತಕದಲ್ಲಿ ದಿನಕ್ಕೆ ಒಂದು ಸಾಲು, ಅದಕ್ಕಿಂತ ಹೆಚ್ಚಿಲ್ಲ. ಏಪ್ರಿಲ್ ಎರಡನೆಯ ವಾರ ಕುಳಿತಾಗ ಮೂವತ್ತು ಸಾಲು ಕಾದಿರುತ್ತವೆ.

ಹೆಜ್ಜೆ 5: ಮನೆಯವರೊಂದಿಗೆ ಬಾಯಿಬಿಟ್ಟು ಮಾತಾಡಿ

ಕದ್ದು ಬರೆಯಬೇಡಿ. ಇದನ್ನು ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತಿದ್ದೇನೆ. ಗಂಡಸು ಮೇಜಿನ ಮುಂದೆ ಕುಳಿತರೆ "ಏನೋ ಕೆಲಸ ಮಾಡುತ್ತಿದ್ದಾರೆ" ಎನ್ನುವ ಮನೆ, ಹೆಂಗಸು ಕುಳಿತರೆ "ಸುಮ್ಮನೆ ಕುಳಿತಿದ್ದಾಳೆ" ಎನ್ನುತ್ತದೆ. ಇದಕ್ಕೆ ಸಿಟ್ಟು ಮಾಡಿಕೊಂಡು ನಾನು ಏನನ್ನೂ ಪಡೆಯಲಿಲ್ಲ. ಕೇಳಿದಾಗ ಪಡೆದೆ. ಹೇಗೆ ಕೇಳಬೇಕೆಂದರೆ, "ನನಗೆ ಬರೆಯಲು ಸಮಯ ಬೇಕು" ಎಂದಲ್ಲ. "ಭಾನುವಾರ ಎರಡರಿಂದ ನಾಲ್ಕೂವರೆಯವರೆಗೆ ನಾನು ಕೋಣೆಯಲ್ಲಿರುತ್ತೇನೆ, ಆ ಹೊತ್ತಿನ ಕಾಫಿ ನೀವು ಮಾಡಿಕೊಳ್ಳಬೇಕು, ಮಗಳ ಲೆಕ್ಕ ನಾನು ಸಂಜೆ ನೋಡುತ್ತೇನೆ" ಎಂದು. ಗಂಟೆ, ದಿನ, ಬದಲಿಗೆ ನೀವು ಮಾಡುವ ಕೆಲಸ, ಮೂರೂ ಸ್ಪಷ್ಟವಾಗಿರಲಿ. ನಾಲ್ಕೂವರೆಗೆ ಸರಿಯಾಗಿ ಹೊರಗೆ ಬನ್ನಿ. ಮಾತು ಉಳಿಸಿಕೊಂಡರೆ ಮುಂದಿನ ಭಾನುವಾರ ಯಾರನ್ನೂ ಕೇಳಬೇಕಾಗುವುದಿಲ್ಲ.

ನನ್ನ ಅತ್ತೆ ಮೊದಮೊದಲು ಬಾಗಿಲ ಬಳಿ ಬಂದು, "ಅಷ್ಟು ಹೊತ್ತು ಏನಮ್ಮ ಬರೆಯುವುದು?" ಎಂದು ಕೇಳುತ್ತಿದ್ದರು. ಒಂದು ರಾತ್ರಿ ಅಡಿಕೆ ಸುಲಿಯುವಾಗ ಒಂದು ಕಥೆಯನ್ನು ಅವರಿಗೇ ಓದಿ ಹೇಳಿದೆ. ಕೈ ನಿಲ್ಲಿಸದೆ ಕೇಳಿದರು. ಮುಗಿದ ಮೇಲೆ ಅಂದರು: "ಅವಳು ಹಸಿ ಅಡಿಕೆ ಸುಲಿದು ಸೆರಗಿಗೆ ಕೈ ಒರೆಸಿಕೊಂಡಳು ಎಂದು ಬರೆದಿದ್ದೀಯಲ್ಲ, ಬಿಳಿ ಸೆರಗಿಗೆ ಯಾರು ಒರೆಸುತ್ತಾರೆ? ಆ ಕಲೆ ಜನ್ಮಕ್ಕೂ ಹೋಗುವುದಿಲ್ಲ." ಹೇಳಿ ತಮ್ಮ ಅಂಗೈ ಚಾಚಿದರು. ಹೆಬ್ಬೆರಳ ಗೆರೆಗಳಲ್ಲೆಲ್ಲ ಕಪ್ಪು ಕೂತಿತ್ತು. ಕಥೆಯ ಆ ವಾಕ್ಯವನ್ನು ತಿದ್ದಿದೆ. ಕಲೆಯ ಸುತ್ತಲೇ ಕಥೆ ಹೊಸದಾಗಿ ಬೆಳೆಯಿತು. ಅಂದಿನಿಂದ ಭಾನುವಾರದ ಬಾಗಿಲನ್ನು ಕಾಯುವವರು ಅವರೇ.

ಸಂಬಳವಿಲ್ಲದೆ ಮನೆಯಲ್ಲೇ ದುಡಿಯುವ ಹೆಂಗಸರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಅವರ ಕೆಲಸಕ್ಕೆ ರಜೆಯ ದಿನವೇ ಇಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ಪ್ರಕಟವಾದದ್ದು 1963ರಲ್ಲಿ, ಅವರಿಗೆ ನಲವತ್ತೈದು ದಾಟಿದ ಮೇಲೆ. ವಯಸ್ಸು ಮೀರಿತು ಎನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದು.

ಹೆಜ್ಜೆ 6: ನೌಕರಿಯನ್ನು ಶತ್ರು ಎಂದು ಕಾಣಬೇಡಿ, ಅದರ ಗಡಿಯನ್ನೂ ದಾಟಬೇಡಿ

ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು. ಕೆ. ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಗುಮಾಸ್ತರಾಗಿದ್ದರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರು ಹಾಸನದ ವಕೀಲರು. ಕನ್ನಡದಲ್ಲಿ ದುಡಿಮೆಯ ಜೊತೆಗೆ ಬರೆಯುವುದೇ ವಾಡಿಕೆ. ಕೌಂಟರ್‌ನ ಆಚೆ ನಿಂತವರ ಮಾತು, ಸಾಲ ಕೇಳುವಾಗ ಮನುಷ್ಯನ ದನಿ ತಗ್ಗುವ ರೀತಿ, ಇವೆಲ್ಲ ನನಗೆ ಸಂಬಳದ ಜೊತೆ ಸಿಕ್ಕ ಸಂಪತ್ತು.

ಅದೇ ಕಾರಣಕ್ಕೆ ಎಚ್ಚರ ಬೇಕು. ನನ್ನ ಎರಡನೆಯ ಕಥೆಯಲ್ಲಿ ಒಬ್ಬ ಸಾಲಗಾರನ ಹೆಸರು, ಊರು ಬದಲಿಸಿದ್ದೆ, ಆದರೆ ಸಾಲ ತೆಗೆದ ಕಾರಣವನ್ನು ಹಾಗೆಯೇ ಇಟ್ಟಿದ್ದೆ. ಪ್ರಕಟವಾದ ಮೇಲೆ ಆತನ ಹೆಂಡತಿ ಸಂಘಕ್ಕೆ ಬಂದು ನನ್ನ ಮುಖ ನೋಡದೆ ಕಂತು ಕಟ್ಟಿ ಹೋದರು. ತಪ್ಪು ಪೂರ್ತಿ ನನ್ನದು. ಈಗ ನನ್ನದೊಂದು ಕಟ್ಟಳೆ ಇದೆ: ಕಡತದಿಂದ ತಿಳಿದದ್ದು ಕಥೆಗೆ ಬರಬಾರದು. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ ಬರಬಹುದು, ಅದೂ ಮೂವರು ನಾಲ್ವರನ್ನು ಕಲಸಿ ಬೇರೆಯೇ ಮನುಷ್ಯನಾದ ಮೇಲೆ.

ರಾಜ್ಯ ಸರ್ಕಾರಿ ನೌಕರರು ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021 ಇದನ್ನು ಒಮ್ಮೆ ಓದಿ, ಪುಸ್ತಕ ತರುವ ಮೊದಲು ಸಿಬ್ಬಂದಿ ಶಾಖೆಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ. ಖಾಸಗಿ ಕಂಪನಿಯವರು ನೇಮಕಾತಿ ಪತ್ರದಲ್ಲಿ ಹೊರಗಿನ ಕೆಲಸದ ಬಗ್ಗೆ ಏನಿದೆ ನೋಡಿ. ಕಚೇರಿಯ ಕಂಪ್ಯೂಟರ್, ಕಚೇರಿಯ ಇಮೇಲ್, ಕಚೇರಿಯ ಕಾಗದ ಕಥೆಗೆ ಬೇಡ.

ಹೆಜ್ಜೆ 7: ಸಲಕರಣೆ ಸರಳವಾಗಿರಲಿ, ನಕಲು ಎರಡಿರಲಿ

ಮೊಬೈಲ್‌ನಲ್ಲಿ ಮಾತಾಡಿದರೆ ಕನ್ನಡದಲ್ಲಿ ಅಕ್ಷರವಾಗಿ ಮೂಡುವ ಸೌಲಭ್ಯ ಈಗ ಚೆನ್ನಾಗಿದೆ. ಕೈಬರಹದ ಕರಡನ್ನು ಓದುತ್ತ ಹೋದರೆ ಬೆರಳಚ್ಚಿನ ಅರ್ಧ ಹೊತ್ತು ಉಳಿಯುತ್ತದೆ. ಪೂರ್ಣವಿರಾಮ, ಒತ್ತಕ್ಷರಗಳನ್ನು ಆಮೇಲೆ ಸರಿಪಡಿಸಬೇಕು. ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಓದಲು ಬರುವ ಯೂನಿಕೋಡ್ ಅಕ್ಷರಗಳಲ್ಲೇ ಬರೆಯಿರಿ. 'ನುಡಿ', 'ಬರಹ' ಎಂಬ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿರುವ ಕಡತ ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ರಾಶಿಯಾಗಬಹುದು. ಅಂಥದನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಎಡವಟ್ಟು ಹೆಚ್ಚಾಗಿ ಆಗುವುದು ಅಲ್ಲೇ.

ಬೆರಳಚ್ಚು ಮುಗಿದ ಪ್ರತಿ ರಾತ್ರಿ ಕಡತವನ್ನು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಒಮ್ಮೆ ಫೋನು ಕೊಟ್ಟಿಗೆಯ ಬಕೆಟ್ಟಿಗೆ ಬಿದ್ದು ಹನ್ನೊಂದು ಪುಟ ಹೋಯಿತು. ಕೈಬರಹವಿದ್ದದ್ದರಿಂದ ಕಥೆ ಬದುಕಿತು.

ಹೆಜ್ಜೆ 8: ಕಥೆಗೂ ಒಂದು ಆವಕ-ಜಾವಕ ಇಡಿ

ಬರೆದದ್ದನ್ನು ಕಪಾಟಿನಲ್ಲಿಡುವವರೇ ಹೆಚ್ಚು. ಸಂಘದಲ್ಲಿ ಒಂದು ಕಾಗದ ಹೊರಗೆ ಹೋದರೆ ಜಾವಕದಲ್ಲಿ ನಮೂದಾಗುತ್ತದೆ, ಬಂದರೆ ಆವಕದಲ್ಲಿ. ಕಥೆಗಳಿಗೂ ಅಂಥದೇ ಒಂದು ವಹಿ ಮಾಡಿ: ಕಥೆಯ ಹೆಸರು, ಕಳಿಸಿದ ದಿನ, ಎಲ್ಲಿಗೆ, ಉತ್ತರ ಬಂದ ದಿನ, ಮುಂದೆ ಎಲ್ಲಿಗೆ. ಕೊನೆಯ ಕಲಂ ಅನ್ನು ಕಳಿಸುವ ದಿನವೇ ತುಂಬಿ. ಆಗ ಕಥೆ ಹಿಂದಿರುಗಿದ ಸಂಜೆ ಎದೆ ಭಾರವಾದರೂ ಕೈಗೆ ಮಾಡಲು ಒಂದು ಕೆಲಸ ಇರುತ್ತದೆ.

ಸುಧಾ, ಮಯೂರ, ತರಂಗ, ತುಷಾರಗಳಂಥ ಪತ್ರಿಕೆಗಳು, ಪ್ರಜಾವಾಣಿಯ ದೀಪಾವಳಿ ಕಥಾ ಸ್ಪರ್ಧೆ, ಅಪ್ರಕಟಿತ ಸಂಕಲನಕ್ಕೆ 'ಛಂದ ಪುಸ್ತಕ' ಪ್ರಕಾಶನದ ಬಹುಮಾನ, ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ, ಇವು ನಾನು ವಹಿಯ ಮೊದಲ ಪುಟದಲ್ಲಿ ಬರೆದುಕೊಂಡಿರುವ ಹೆಸರುಗಳು. ಪದಮಿತಿ, ವಯೋಮಿತಿ, ಕೊನೆಯ ದಿನಾಂಕವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಒಂದೇ ಕಥೆಯನ್ನು ಒಂದೇ ಹೊತ್ತಿಗೆ ಎರಡು ಕಡೆ ಕಳಿಸಬೇಡಿ.

ಪುಸ್ತಕದ ಮಾತು ಬಂದಾಗ ಒಪ್ಪಂದವನ್ನು ಬರಹದಲ್ಲೇ ಕೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ನಿಮ್ಮ ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಎಂದೂ ಕಾನೂನು ತಿಳಿಯುತ್ತದೆ. ಅನುವಾದ, ಸಿನಿಮಾ, ಧ್ವನಿಪುಸ್ತಕದ ಹಕ್ಕು ಯಾರಲ್ಲಿ ಉಳಿಯುತ್ತದೆ ಎಂದು ಕೇಳಲು ಸಂಕೋಚ ಬೇಡ. ನಾವು ಸಾಲದ ಪತ್ರಕ್ಕೆ ಓದದೆ ಸಹಿ ಹಾಕಬೇಡಿ ಎಂದು ಸದಸ್ಯರಿಗೆ ದಿನವೂ ಹೇಳುತ್ತೇವೆ, ಇಲ್ಲಿಯೂ ಅದೇ.

ಹೆಜ್ಜೆ 9: ರಾಜೀನಾಮೆ ಕೊಡುವ ಮೊದಲು ಕಾಗದದ ಮೇಲೆ ಲೆಕ್ಕ ಮಾಡಿ

ನೌಕರಿ ಬಿಟ್ಟು ಬರೆಯುತ್ತೇನೆ ಎಂದು ನನ್ನ ಬಳಿ ಹೇಳಿದ ಕಿರಿಯರು ಇಬ್ಬರು ಮೂವರಿದ್ದಾರೆ. ಅವರೆದುರು ಒಂದು ಲೆಕ್ಕ ಇಡುತ್ತೇನೆ. ಪುಸ್ತಕದ ಬೆಲೆ 150 ರೂಪಾಯಿ, ಸಾವಿರ ಪ್ರತಿ, ಗೌರವಧನ ಶೇಕಡ ಹತ್ತು ಎಂದಿಟ್ಟುಕೊಳ್ಳಿ. ಒಂದೂ ಉಳಿಯದೆ ಮಾರಾಟವಾದರೆ ಲೇಖಕರಿಗೆ ಬರುವುದು 15,000 ರೂಪಾಯಿ. ಮೂರು ವರ್ಷದ ದುಡಿಮೆಗೆ ಅಷ್ಟು. ಬಾಡಿಗೆ, ಅಪ್ಪ ಅಮ್ಮನ ಔಷಧಿ, ಮಕ್ಕಳ ಶುಲ್ಕ ಇದರಿಂದ ಸಾಗದು. ಅಷ್ಟೇ ಅಲ್ಲ, ಹಣದ ಚಿಂತೆ ತಿಳಿಯಾದ ಆ ಒಂದು ಹೊತ್ತನ್ನೂ ಕದಡುತ್ತದೆ. ಬಿಡಲೇಬೇಕೆಂದರೆ ಹದಿನೆಂಟು ತಿಂಗಳ ಮನೆಖರ್ಚು ಬೇರೆಯೇ ಖಾತೆಯಲ್ಲಿರಲಿ, ಅರ್ಧ ಮುಗಿದ ಹಸ್ತಪ್ರತಿ ಕೈಯಲ್ಲಿರಲಿ. ಅದಕ್ಕೂ ಮೊದಲು ಗಳಿಕೆ ರಜೆಯಲ್ಲಿ ಹದಿನೈದು ದಿನ ತೆಗೆದು ದಿನವಿಡೀ ಬರೆದು ನೋಡಿ. ನಾನು ಹಾಗೆ ಒಮ್ಮೆ ಮಾಡಿದೆ. ದಿನಕ್ಕೆ ಮೂರು ಗಂಟೆಯ ಮೇಲೆ ಹೊಸದನ್ನು ಬರೆಯುವ ಶಕ್ತಿ ನನಗಿಲ್ಲ ಎಂದು ತಿಳಿಯಿತು. ಅದು ತಿಳಿದ ಮೇಲೆ ಎಂಟೂ ನಲವತ್ತರ ಬಸ್ಸಿನ ಮೇಲಿದ್ದ ಮುನಿಸು ಹೋಯಿತು.

ನಿದ್ದೆಯಿಂದ ಸಾಲ ತೆಗೆಯಬೇಡಿ. ಐದಕ್ಕೆ ಏಳುವುದಾದರೆ ಹತ್ತಕ್ಕೆ ದೀಪ ಆರಲೇಬೇಕು.

ಇಂದು ರಾತ್ರಿಯೇ ಶುರು ಮಾಡುವವರಿಗೆ: ಮಗುವಿನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಿದ್ದರೆ ಸಾಕು. ನಾಲ್ಕು ಕಲಂ ಎಳೆದು, ಮೊದಲ ಸಾಲಿನಲ್ಲಿ ಈಗಿನ ಗಂಟೆ ಬರೆಯಿರಿ. ಮೈ ಹೇಗಿದೆ, ತಲೆ ಹೇಗಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ತುಂಬಿ, ಪುಸ್ತಕವನ್ನು ತಲೆದಿಂಬಿನ ಪಕ್ಕ ಇಟ್ಟು ಮಲಗಿ.